ರಿಲೇ ವಾಲ್ವ್ ಬಿಚ್ಚುವ ಮುಂಚೆ ಹ್ಯಾಂಡ್ ಬ್ರೇಕ್ ಎಳೆದು ನೋಡಿ: ನನ್ನ ಅನುಭವ

ಏರ್ ಬ್ರೇಕ್ ಲಾರಿಯಲ್ಲಿ ಪೆಡಲ್ ಒತ್ತಿದಾಗ ಹಿಂದಿನ ಬ್ರೇಕಿಗೆ ಟ್ಯಾಂಕ್ ಗಾಳಿ ಬಿಡುವುದು ರಿಲೇ ವಾಲ್ವ್. ಅದರ ಕೆಳಗೆ ಗಾಳಿ ಹೊರಬಿಡುವ ಬಾಯಿ, ಅಂದರೆ ಎಕ್ಸಾಸ್ಟ್‌ನಿಂದ ಗಾಳಿ ಸುಯ್ ಅಂತ ಬರುತ್ತಿದ್ದರೆ ಹತ್ತರಲ್ಲಿ ಎಂಟು ಜನ ವಾಲ್ವನ್ನೇ ಬದಲಾಯಿಸುತ್ತಾರೆ. ಈ ಗಾಡಿಗೂ ಅದೇ ಆಗಿತ್ತು. ಹತ್ತು ಚಕ್ರದ ಲಾರಿ, ಪಣಂಬೂರು ಬಂದರಿಂದ ಶಿರಾಡಿ ಘಾಟಿ ಮೇಲೆ ಹಾಸನದ ಕಡೆ ಲೋಡ್ ತರುವುದು, ಮತ್ತೆ ಇಳಿಯುವುದು. ನಮ್ಮ ಶೆಡ್‌ಗೆ ಬರುವಷ್ಟರಲ್ಲಿ ಓನರ್ ಬೇರೆ ಕಡೆ ರಿಲೇ ವಾಲ್ವ್ ಎರಡು ಸಲ ಹಾಕಿಸಿದ್ದ. ಮೊದಲು ಲೋಕಲ್, ಆಮೇಲೆ ನಾಲ್ಕು ಸಾವಿರದ ಹತ್ತಿರದ ಒರಿಜಿನಲ್. ಪೆಡಲ್ ಕೆಳಗಿನ ಫುಟ್ ವಾಲ್ವ್‌ಗೆ ಕಿಟ್. ಕಂಪ್ರೆಸರ್ ಹೆಡ್ ಬಿಚ್ಚಿ ರಿಂಗ್ ಕೂಡ. ಲೇಬರ್ ಸೇರಿ ಹದಿನೈದು ಸಾವಿರ ದಾಟಿತ್ತು ಅಂದ. ಸದ್ದು ಮಾತ್ರ ಹಾಗೇ ಇತ್ತು.

ತಮಾಷೆ ಏನೆಂದರೆ, ರಾತ್ರಿ ನಿಲ್ಲಿಸಿದರೆ ಗಾಳಿ ಇಳಿಯುತ್ತಿರಲಿಲ್ಲ. ಬೆಳಗ್ಗೆ ಗಾಳಿ ಗೇಜಿನ ಮುಳ್ಳು ಏಳು ಬಾರ್ ಮೇಲೇ ಇರುತ್ತಿತ್ತು. ಓಡುವಾಗ ಮಾತ್ರ ಎಂಟು ಮುಟ್ಟುತ್ತಿರಲಿಲ್ಲ. ಟ್ಯಾಂಕ್ ತುಂಬಿದಾಗ ಡ್ರೈಯರ್ (ಗಾಳಿಯ ತೇವ ತೆಗೆಯುವ ಡಬ್ಬಿ) 'ಪುಸ್' ಅನ್ನುವುದೇ ನಿಂತುಹೋಗಿತ್ತು, ಅಂದರೆ ಕಂಪ್ರೆಸರ್‌ಗೆ ಬಿಡುವೇ ಇಲ್ಲ. ಸಕಲೇಶಪುರ ದಾಟಿ ಇಳಿಜಾರಲ್ಲಿ ಜಾಮ್ ಸಿಕ್ಕಿ ಐಡಲ್‌ನಲ್ಲಿ ಬ್ರೇಕ್ ಒತ್ತಿ ಒತ್ತಿ ಹೋದರೆ ಮುಳ್ಳು ಐದಕ್ಕೆ ಬಂದು ಬಜರ್ ಕೂಗುತ್ತಿತ್ತು. ಅಲ್ಲಿಂದ ಕೆಳಗೆ, ಗಾಳಿ ತಡೆದಿಟ್ಟಿರುವ ಹ್ಯಾಂಡ್ ಬ್ರೇಕಿನ ಸ್ಪ್ರಿಂಗ್ ತಾನಾಗೇ ಹಿಡಿಯಲು ಶುರು. ಒಮ್ಮೆ ಗುಂಡ್ಯ ತಲುಪುವಷ್ಟರಲ್ಲಿ ಹಿಂದಿನ ಡ್ರಮ್ ಹೊಗೆ ಬಿಟ್ಟಿತ್ತಂತೆ.

ನಾನು ಹಿಂದಿನ ಬೂಸ್ಟರ್ ಹೋಗಿದೆ ಅಂದೆ. ಚಕ್ರದ ಹತ್ತಿರ ಗಾಳಿಯಿಂದ ಬ್ರೇಕ್ ಒತ್ತುವ ಡಬ್ಬಿ ಅದು. ಒಂದು ಕಡೆ ಪೆಡಲ್ ಬ್ರೇಕ್ (ಸರ್ವಿಸ್), ಇನ್ನೊಂದು ಕಡೆ ಹ್ಯಾಂಡ್ ಬ್ರೇಕಿನ ಸ್ಪ್ರಿಂಗ್ ಇರುವ ಡಬಲ್ ಬೂಸ್ಟರ್. ಯಾರೂ ಒಪ್ಪಲಿಲ್ಲ. ಪಕ್ಕದ ಶೆಡ್ ಮೇಸ್ತ್ರಿ ನಕ್ಕುಬಿಟ್ಟರು. "ಬೂಸ್ಟರ್ ಹೋಗಿದ್ರೆ ಬೂಸ್ಟರ್ ಹತ್ರ ಸದ್ದು ಬರ್ಬೇಕಲ್ವೇನಪ್ಪಾ? ಪೆಡಲ್ ಒತ್ತಿದ್ರೆ ನಿಲ್ತಾ ಇದೆ, ವಾಲ್ವೇ ಹೋಗಿರೋದು."

ಈ ಪೆಡಲ್ ಲೆಕ್ಕವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಪೆಡಲ್ ಒತ್ತಿದರೆ ರಿಲೇ ತನ್ನ ಎಕ್ಸಾಸ್ಟ್ ಬಾಯಿ ಮುಚ್ಚುತ್ತದೆ. ಗಾಳಿ ಎಲ್ಲಿಂದ ಬರುತ್ತಿದ್ದರೂ ಸದ್ದು ನಿಲ್ಲಲೇಬೇಕು. ಅದರಿಂದ ಏನೂ ಗೊತ್ತಾಗುವುದಿಲ್ಲ.

ಹ್ಯಾಂಡ್ ಬ್ರೇಕ್ ಬಿಟ್ಟಾಗ ಸ್ಪ್ರಿಂಗ್ ಕಡೆ ಗಾಳಿ ತುಂಬಿರುತ್ತದೆ, ಸರ್ವಿಸ್ ಕಡೆ ಖಾಲಿ. ನಡುವಿನ ಸೀಲ್ ಸವೆದರೆ ಗಾಳಿ ಈ ಕಡೆಗೆ ದಾಟಿ, ಪೈಪ್‌ನಲ್ಲಿ ವಾಪಸ್ ಬಂದು, ರಿಲೇ ಎಕ್ಸಾಸ್ಟ್‌ನಿಂದ ಹೊರಗೆ ಹೋಗುತ್ತದೆ. ವಾಲ್ವ್ ಪಾಪ, ಬರೀ ದಾರಿ ಅಷ್ಟೇ. ಹ್ಯಾಂಡ್ ಬ್ರೇಕ್ ಎಳೆದರೆ ಸ್ಪ್ರಿಂಗ್ ಕಡೆ ಗಾಳಿಯೇ ಇಲ್ಲ, ಸದ್ದೂ ಇಲ್ಲ. ರಾತ್ರಿ ಗಾಳಿ ನಿಲ್ಲುತ್ತಿದ್ದುದೂ ಅದಕ್ಕೇ. ನಿಜವಾಗಿ ವಾಲ್ವ್ ಸೀಟೇ ಹೋಗಿದ್ದರೆ ಹ್ಯಾಂಡ್ ಬ್ರೇಕ್ ಎಳೆದರೂ ಬಿಟ್ಟರೂ ಸುಯ್ ಅನ್ನುತ್ತಲೇ ಇರುತ್ತದೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆವು. ಗಾಳಿ ಪೂರ್ತಿ ತುಂಬಲು ವರ್ಕ್‌ಶಾಪ್ ಕಂಪ್ರೆಸರ್‌ನಿಂದ ಟ್ಯಾಂಕ್‌ಗೆ ಲೈನ್ ಕೊಡಬೇಕಾಯಿತು. ಡ್ಯಾಶ್‌ಬೋರ್ಡ್ ಮುಳ್ಳು ನಂಬದೆ ಟ್ಯಾಂಕ್ ಟೆಸ್ಟ್ ಪಾಯಿಂಟ್‌ಗೆ ಬೇರೆ ಗೇಜ್ ಹಾಕಿದೆ. ಹ್ಯಾಂಡ್ ಬ್ರೇಕ್ ಬಿಟ್ಟು, ಮುಳ್ಳು ಒಂದು ಕಡೆ ನಿಂತ ಮೇಲೆ ಲೆಕ್ಕ ಶುರು. ಐದಾರು ನಿಮಿಷಕ್ಕೆ ಎಂಟರಿಂದ ಆರರ ಹತ್ತಿರ ಬಂತು. ಮತ್ತೆ ತುಂಬಿಸಿ ಹ್ಯಾಂಡ್ ಬ್ರೇಕ್ ಎಳೆದರೆ ಹತ್ತು ನಿಮಿಷ ಕಳೆದರೂ ಮುಳ್ಳು ಅಲ್ಲಾಡಲಿಲ್ಲ.

ಮೇಸ್ತ್ರಿಗೆ ಕಣ್ಣಿಗೆ ಕಾಣಲಿ ಅಂತ ನಮ್ಮ ಹುಡುಗನ ಕೈಲಿ ಅಂಗಡಿಯಿಂದ ಬಲೂನ್ ತರಿಸಿದೆ. ಎಕ್ಸಾಸ್ಟ್‌ಗೆ ಸಿಕ್ಕಿಸಿ ತಂತಿ ಕಟ್ಟಿದೆವು. ಹ್ಯಾಂಡ್ ಬ್ರೇಕ್ ಬಿಟ್ಟರೆ ಉಬ್ಬುತ್ತದೆ, ಎಳೆದರೆ ಅಷ್ಟಕ್ಕೇ ನಿಲ್ಲುತ್ತದೆ. ಮೂರನೇ ಸಲಕ್ಕೆ ಒಡೆಯಿತು. ಮೇಸ್ತ್ರಿ ಮಾತಾಡದೆ ಬೀಡಿ ಹಚ್ಚಿಕೊಂಡರು.

ನಾಲ್ಕು ಬೂಸ್ಟರ್‌ನಲ್ಲಿ ಯಾವುದು? ಹ್ಯಾಂಡ್ ಬ್ರೇಕ್ ಬಿಟ್ಟು ಒಂದೊಂದೇ ಸರ್ವಿಸ್ ಪೈಪ್ ಬಿಚ್ಚುತ್ತಾ ಹೋಗಿ. 11 ಅಂತ ಬರೆದಿರುವ ಬಾಯಿ. ಯಾವ ಬೂಸ್ಟರಿನ ಬಾಯಿಂದ ಗಾಳಿ ಬರುತ್ತದೋ ಅದೇ. 12ಕ್ಕೆ ಕೈ ಹಾಕಬೇಡಿ, ಅದು ಸ್ಪ್ರಿಂಗ್ ಲೈನ್. ಪೈಪ್ ಬಿಚ್ಚದೆ ಎರಡು ನಿಮಿಷದಲ್ಲಿ ಹಿಡಿಯುವ ಉಪಾಯ ಒಂದಿದೆ, ಅದು ನಮ್ಮ ಶೆಡ್‌ನಲ್ಲೇ ಇರಲಿ. ಹಿಂದಿನ ಆಕ್ಸಲ್ ಬಲಗಡೆಯದು ಸಿಕ್ಕಿತು. ಗಾಳಿ ತುಂಬಿರುವಾಗಲೇ ಬೂಸ್ಟರ್ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಒತ್ತಿಹಿಡಿದು ಕಟ್ಟಿ, ಆಮೇಲೆ ಇಳಿಸಿದೆವು. ಸ್ಪ್ರಿಂಗ್ ಇರುವ ಡಬ್ಬಿ ಬಿಚ್ಚಿ ಕಿಟ್ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಆ ಸ್ಪ್ರಿಂಗ್ ಎಗರಿದರೆ ಆಳು ಉಳಿಯುವುದಿಲ್ಲ. ಆರು ಸಾವಿರದ ಆಸುಪಾಸು, ಪೂರ್ತಿ ಹೊಸದು ತಂದೆವು.

ಸೀಲ್ ಯಾಕೆ ಹೋಯಿತು ಅಂತ ಟ್ಯಾಂಕ್ ಡ್ರೈನ್ ಎಳೆದೆ. ಮಜ್ಜಿಗೆ ತರ ಬೆಳ್ಳಗೆ, ಆಯಿಲ್ ವಾಸನೆ. ಡ್ರೈಯರ್ ಕಾರ್ಟ್ರಿಜ್ ಎಷ್ಟೋ ವರ್ಷದಿಂದ ಬದಲಾಗಿಲ್ಲ. ನೀರು, ಆಯಿಲ್ ಎರಡೂ ಸೇರಿದರೆ ರಬ್ಬರ್ ಎಷ್ಟು ದಿನ ತಾಳುತ್ತದೆ? ಕಂಪ್ರೆಸರ್ ಡೆಲಿವರಿ ಪೈಪ್ ಕೂಡ ಬಿಚ್ಚಿದೆ. ಒಳಗೆ ಕಾರ್ಬನ್ ಕಟ್ಟಿ ಕಿರುಬೆರಳೂ ಹೋಗುತ್ತಿರಲಿಲ್ಲ. ರಿಂಗ್ ಹಾಕಿದವರು ಇದನ್ನು ನೋಡೇ ಇಲ್ಲ! ಅದನ್ನೂ ಬದಲಾಯಿಸಿದೆವು.

ಹಿಂದೆ ಒಮ್ಮೆ ಖರ್ಚು ಉಳಿಸೋಣ ಅಂತ ಹಳೇ ಡ್ರೈಯರ್‌ನ ತೇವ ಹೀರುವ ಬಿಳಿ ಕಾಳು ತೆಗೆದು ಬಾಣಲೆಯಲ್ಲಿ ಹುರಿದು ವಾಪಸ್ ತುಂಬಿದ್ದೆ. ತೇವ ಹೋಯಿತು, ಆಯಿಲ್ ಹೋಗಲಿಲ್ಲ. ವಾರದಲ್ಲಿ ಟ್ಯಾಂಕ್‌ನಲ್ಲಿ ಮತ್ತೆ ನೀರು. ಅಡುಗೆ ಮನೆಯಿಂದ ಬಾಣಲೆ ತಂದಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದೊಂದು ಲಾಭ.

ಎಲ್ಲಾ ಕೂಡಿಸಿ ಸ್ಟಾರ್ಟ್ ಮಾಡಿದಾಗ ಮುಳ್ಳು ಎಂಟು ದಾಟಿ ಡ್ರೈಯರ್ 'ಪುಸ್' ಅಂತು. ಬೂಸ್ಟರ್, ಪೈಪ್, ಕಾರ್ಟ್ರಿಜ್, ಕೂಲಿ ಸೇರಿ ಹನ್ನೆರಡು ಸಾವಿರದೊಳಗೇ ಮುಗಿಯಿತು. ಉಳಿದ ಮೂರೂ ಅದೇ ವಯಸ್ಸಿನವು, ಅದೇ ಮಜ್ಜಿಗೆ ಕುಡಿದವು, ಒಟ್ಟಿಗೆ ಬದಲಾಯಿಸು ಅಂತ ಓನರ್‌ಗೆ ಹೇಳಿದೆ. ಸದ್ಯಕ್ಕೆ ಅದೇ ಆಕ್ಸಲ್ಲಿನ ಎಡಗಡೆಯದು ಒಂದಕ್ಕೆ ಒಪ್ಪಿದ್ದಾನೆ.