ಸೀದ ಪಾತ್ರೆ ನೆನೆಯಬೇಕು: ಕೆಲಸ ಬಿಡದೆ ಬರ್ನ್‌ಔಟ್‌ನಿಂದ ಹೊರಬಂದ ಲೆಕ್ಕ

ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಬಂದರೂ ಕೆಲಸಕ್ಕೆ ಕೂತ ಮೂರನೇ ದಿನಕ್ಕೆ ಮತ್ತೆ ಅದೇ ಗತಿ ಎಂದಾದರೆ ಅದು ಬರೀ ಸುಸ್ತಲ್ಲ. ಸುಸ್ತು ನಿದ್ದೆಗೆ ಬಗ್ಗುತ್ತದೆ, ಬರ್ನ್‌ಔಟ್ ಬಗ್ಗುವುದಿಲ್ಲ. ತಳ ಸೀದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮಾತ್ರಕ್ಕೆ ಅದು ಬೆಳ್ಳಗಾಗದು. ಕೂಡಲೇ ತಿಕ್ಕಲು ಕೂತರೆ ಕೈ ನೋಯುತ್ತದೆ, ಕರಿ ಬಿಡುವುದಿಲ್ಲ. ಮೊದಲು ನೆನೆಹಾಕಬೇಕು. ಇಲ್ಲಿರುವುದು ಆ ನೆನೆಹಾಕುವ ಕ್ರಮ. ಬೆಂಗಳೂರಿನ ಸಾಫ್ಟ್‌ವೇರ್ ಸಪೋರ್ಟ್ ಕೆಲಸದಲ್ಲಿ, ಆನ್‌ಕಾಲ್ ಪಾಳಿ (ಸರದಿಯ ವಾರದಲ್ಲಿ ರಾತ್ರಿ ಸಿಸ್ಟಂ ಕೆಟ್ಟರೂ ಫೋನಿಗೆ ಎದ್ದು ಸರಿಪಡಿಸುವ ಹೊಣೆ) ಮತ್ತು ಅಮೆರಿಕದವರ ರಾತ್ರಿ ಕಾಲ್‌ಗಳ ನಡುವೆ ಇದ್ದುಕೊಂಡೇ ಮಾಡಿದ್ದು. ಐದು ತಿಂಗಳು ಹಿಡಿಯಿತು.

ಬರ್ನ್‌ಔಟ್ ಎಂಬ ಮಾತನ್ನು 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ತಮ್ಮ ಲೇಖನದಲ್ಲಿ ಬಳಸಿದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಅದನ್ನು ಮೂರು ಭಾಗ ಮಾಡಿ ಅಳೆಯುವ ಪ್ರಶ್ನಾವಳಿ ರೂಪಿಸಿದರು: ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆಯೂ ಜನರ ಬಗ್ಗೆಯೂ ಅಸಡ್ಡೆ ಬೆಳೆಯುವುದು, ಏನು ಮಾಡಿದರೂ ಪ್ರಯೋಜನವಿಲ್ಲ ಎನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಸೇರಿಸಿತು, ಆದರೆ ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಅಂಟಿದ ಸ್ಥಿತಿಯಾಗಿ. ಈ ವ್ಯತ್ಯಾಸ ಪುಸ್ತಕದ ಬದನೆಕಾಯಿಯಲ್ಲ. ಬೇರು ಕೆಲಸದಲ್ಲಿದ್ದರೆ, ಕೆಲಸವನ್ನು ಹಾಗೇ ಬಿಟ್ಟು ಮನುಷ್ಯನಿಗೆ ಮಾತ್ರ ಧ್ಯಾನ ಹೇಳಿಕೊಡುವುದು ಅರ್ಧ ಚಿಕಿತ್ಸೆ. ಮೂರರಲ್ಲಿ ಯಾವುದು ಜೋರಾಗಿದೆ ಎಂಬುದರ ಮೇಲೆ ಎಲ್ಲಿಂದ ಶುರು ಮಾಡಬೇಕು ಎಂಬುದೂ ತೀರ್ಮಾನವಾಗುತ್ತದೆ. ಶಕ್ತಿ ಬರಿದಾಗಿದ್ದರೆ ಮೊದಲು ಹೊರೆ ಇಳಿಸಬೇಕು. ಅಸಡ್ಡೆಯೇ ಮುಂದಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ಒಂದು ಅನ್ಯಾಯದ ಭಾವವಿರುತ್ತದೆ, ಅದನ್ನು ಹುಡುಕಬೇಕು. ‘ನನ್ನ ಕೈಲಾಗಲ್ಲ’ ಎಂಬುದು ಮುಂದಿದ್ದರೆ ದಿನಕ್ಕೊಂದು ಸಣ್ಣ ಕೆಲಸವನ್ನು ಪೂರ್ತಿ ಮುಗಿಸುವುದೇ ಔಷಧ.

ಇದಕ್ಕೂ ಮೊದಲು ಡಾಕ್ಟರು. ಬರ್ನ್‌ಔಟ್ ಎಂದುಕೊಂಡದ್ದು ಎಷ್ಟೋ ಸಲ ರಕ್ತಹೀನತೆ, ಥೈರಾಯ್ಡ್ ಅಥವಾ ಬಿ12 ಕೊರತೆ ಆಗಿರುತ್ತದೆ, ಇಲ್ಲವೇ ಎರಡೂ ಒಟ್ಟಿಗೆ ಇರುತ್ತವೆ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಬಿ12, ವಿಟಮಿನ್ ಡಿ, ಖಾಲಿ ಹೊಟ್ಟೆಯ ಸಕ್ಕರೆ, ಇಷ್ಟನ್ನು ಒಂದೇ ಬೆಳಿಗ್ಗೆ ಮಾಡಿಸಬಹುದು. ಅಪ್ಪಟ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ಬಿಡಲೇಬಾರದು. ಜೋರಾಗಿ ಗೊರಕೆ ಹೊಡೆದು, ಎಂಟು ಗಂಟೆ ಮಲಗಿಯೂ ಹಗಲು ತೂಕಡಿಸುವವರು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಕೇಳಬೇಕು.

ಜೊತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಕ್ಕೆ ಸಂಬಂಧಿಸಿದ್ದು, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಒಂಬತ್ತನೇ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬಾರದು, ಆ ದಿನವೇ ಯಾರಿಗಾದರೂ ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಒರಟು ವ್ಯತ್ಯಾಸ ಹೇಳುವುದಾದರೆ, ಬರ್ನ್‌ಔಟ್ ಆದವರಿಗೆ ಕೆಲಸದ ಹೊಸ್ತಿಲು ದಾಟಿದ ಮೇಲೆ ಮಗುವಿನ ಆಟವೋ ಗೆಳೆಯರ ಹರಟೆಯೋ ಸ್ವಲ್ಪವಾದರೂ ರುಚಿಸುತ್ತದೆ. ಖಿನ್ನತೆಯಲ್ಲಿ ಯಾವುದೂ ರುಚಿಸುವುದಿಲ್ಲ. ಬರ್ನ್‌ಔಟನ್ನು ಬಹಳ ಕಾಲ ಬಿಟ್ಟರೆ ಮೊದಲನೆಯದು ಎರಡನೆಯದಾಗುವುದೂ ಉಂಟು.

ಇಷ್ಟಾದ ಮೇಲೆ ಎರಡು ವಾರ ಏನನ್ನೂ ಬದಲಿಸಬಾರದು. ಬರೀ ಬರೆಯಬೇಕು. ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಸಾಕು, ಆ್ಯಪ್ ಬೇಡ, ಯಾಕೆಂದರೆ ಫೋನ್ ತೆರೆದ ಕೂಡಲೇ ಆಫೀಸಿನ ಚಾಟ್ ಎದುರಿಗೆ ಬರುತ್ತದೆ. ಬೆಳಿಗ್ಗೆ 11, ಸಂಜೆ 4, ರಾತ್ರಿ 9, ಈ ಮೂರು ಹೊತ್ತು ಶಕ್ತಿಗೆ 0ರಿಂದ 10ರೊಳಗೆ ಅಂಕ, ಅದರ ಮುಂದೆ ಹಿಂದಿನ ಎರಡು ಗಂಟೆ ಏನು ಮಾಡುತ್ತಿದ್ದೆ ಎಂದು ಒಂದೇ ಸಾಲು. ಹದಿನಾಲ್ಕು ದಿನಕ್ಕೆ 42 ಸಾಲು. ಮರೆತ ಸಾಲನ್ನು ಆಮೇಲೆ ನೆನಪಿನಿಂದ ತುಂಬಬಾರದು. ನೆನಪು ಕೆಟ್ಟ ಗಳಿಗೆಯ ಬಣ್ಣವನ್ನೇ ಇಡೀ ದಿನಕ್ಕೆ ಬಳಿಯುತ್ತದೆ.

ಈ 42 ಸಾಲುಗಳು ಊಹೆಯನ್ನು ತಲೆಕೆಳಗು ಮಾಡುತ್ತವೆ. ಶಕ್ತಿ ತಿನ್ನುವುದು ಗಂಟೆಗಳು ಎಂದುಕೊಂಡಿದ್ದೆ, ಅಲ್ಲ. ಒಂದೇ ಕೆಲಸವನ್ನು ಹಿಡಿದು ಒಂಬತ್ತು ಗಂಟೆ ಕೂತ ದಿನ ರಾತ್ರಿ 6 ಉಳಿದಿತ್ತು. ಆರೇ ಗಂಟೆ ಕೆಲಸವಿದ್ದು, ಹತ್ತು ನಿಮಿಷಕ್ಕೊಬ್ಬರು ‘ಒಂದ್ನಿಮಿಷ ಇದೀರಾ?’ ಎಂದ ದಿನ 2. ಇನ್ನೂ ವಿಚಿತ್ರವೆಂದರೆ ಆನ್‌ಕಾಲ್ ವಾರದಲ್ಲಿ ಫೋನ್ ಒಂದು ಸಲವೂ ಬಡಿಯದ ರಾತ್ರಿಗಳ ಮರುದಿನವೂ ಅಂಕ ಇಳಿದಿತ್ತು. ಬಡಿಯಬಹುದು ಎಂದು ಕಾಯುವುದೇ ಒಂದು ಕೆಲಸ, ದೇಹ ಅದಕ್ಕೂ ಬಾಡಿಗೆ ಕಟ್ಟುತ್ತದೆ.

ಹೊರೆ ಇಳಿಸುವ ಮಾತುಕತೆಯಲ್ಲಿ ಹೆಚ್ಚಿನವರು ಎಡವುವುದು ಮೊದಲ ವಾಕ್ಯದಲ್ಲೇ. ‘ತುಂಬಾ ಸ್ಟ್ರೆಸ್ ಆಗ್ತಿದೆ’ ಎಂದರೆ ‘ಎರಡು ದಿನ ರಜೆ ತಗೊಳ್ಳಿ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮ್ಯಾನೇಜರ್ ಕೆಟ್ಟವರೆಂದಲ್ಲ, ಅಷ್ಟು ಸಡಿಲವಾದ ಮಾತಿಗೆ ಅವರ ಬಳಿ ಬೇರೆ ಉತ್ತರವಿಲ್ಲ. ಕೇಳಬೇಕಾದ್ದು ಎಣಿಸಬಲ್ಲ ಮೂರು ವಿಷಯ, ಒಂದು ಅವಧಿ. ನಾನು ಕೇಳಿದ್ದು ಹೀಗೆ: ‘ಮುಂದಿನ ಆರು ವಾರ ವಾರಕ್ಕೆ ಐದು ರಾತ್ರಿ ಕಾಲ್‌ಗಳಲ್ಲಿ ಎರಡಕ್ಕೆ ಬರುತ್ತೇನೆ, ಉಳಿದ ಮೂರಕ್ಕೆ ಸಂಜೆ ಆರರೊಳಗೆ ಬರೆದು ಕಳಿಸುತ್ತೇನೆ. ರಾತ್ರಿ 12ರ ಮೇಲೆ ಪೇಜ್ (ತುರ್ತು ಕರೆ) ಬಂದರೆ ಮರುದಿನ ಲಾಗಿನ್ 11ಕ್ಕೆ. ಆನ್‌ಕಾಲ್ ನಾಲ್ಕು ವಾರಕ್ಕೊಮ್ಮೆ ಬದಲು ಆರು ವಾರಕ್ಕೊಮ್ಮೆ. ಆರು ವಾರದ ನಂತರ ಕೂತು ನೋಡೋಣ.’ ಅವಧಿ ಹಾಕಿದರೆ ಒಪ್ಪುವುದು ಸುಲಭ. ಮೂರರಲ್ಲಿ ಎರಡು ಸಿಕ್ಕಿದರೂ ಲಾಭವೇ.

ಬದಲಿಗೆ ಕೊಡಲು ಏನಾದರೂ ಕೈಯಲ್ಲಿರಬೇಕು. ಸಪೋರ್ಟ್ ತಂಡಗಳಲ್ಲಿ ಅದಕ್ಕೆ ಒಳ್ಳೆಯ ಸರಕೆಂದರೆ, ಏನೋ ಕೆಟ್ಟಿದೆ ಎಂದು ಸಿಸ್ಟಂ ತಾನೇ ಕಳಿಸುವ ಅಲರ್ಟ್‌ಗಳ ಕಳೆ ಕೀಳುವುದು. ಹಿಂದಿನ 30 ದಿನದ ಎಲ್ಲ ಅಲರ್ಟ್ ಒಂದು ಶೀಟಿಗೆ ಇಳಿಸಿ, ಪ್ರತಿಯೊಂದರ ಮುಂದೆ ‘ಎದ್ದವರು ಏನಾದರೂ ಮಾಡಬೇಕಾಯಿತೇ?’ ಎಂದು ಬರೆಯಿರಿ. ಏನೂ ಮಾಡದೆ ತಾನಾಗಿ ಸರಿಹೋದವನ್ನು ತೆಗೆಯುವುದು ಅಥವಾ ಹಗಲಿನ ಟಿಕೆಟ್ (ಸರದಿಯಲ್ಲಿ ನೋಡುವ ದೂರಿನ ದಾಖಲೆ) ಮಾಡುವುದು. ಮನುಷ್ಯ ಎದ್ದು ಏನನ್ನಾದರೂ ಮಾಡಲೇಬೇಕಾದ್ದು ಮಾತ್ರ ರಾತ್ರಿ ಬಡಿಯಬೇಕು. ಉಳಿಯುವ ಪಟ್ಟಿ ಎಷ್ಟು ಚಿಕ್ಕದೆಂದು ನೋಡಿದರೆ ತಂಡಕ್ಕೇ ನಾಚಿಕೆಯಾಗುತ್ತದೆ. ಆ ಪಟ್ಟಿಗೆ ಫೋನಿನಲ್ಲಿ ಬೇರೆಯೇ ರಿಂಗ್‌ಟೋನ್ ಇಟ್ಟು, ಉಳಿದ ಆಫೀಸ್ ನೋಟಿಫಿಕೇಶನ್‌ಗಳನ್ನು ರಾತ್ರಿ ಪೂರ್ತಿ ಮುಚ್ಚಿದರೆ ಕಾಯುವ ಬಾಡಿಗೆ ಅರ್ಧಕ್ಕರ್ಧ ಇಳಿಯುತ್ತದೆ. ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಮೂಲತಃ ಇದ್ದ ಮಿತಿ ಗೊತ್ತಿರಲಿ. ಆದರೆ ಮೊದಲ ಮಾತುಕತೆಯನ್ನೇ ಅದರಿಂದ ಶುರು ಮಾಡಿದರೆ ಎದುರಿನವರು ಎಚ್‌ಆರ್ ಅನ್ನು ಕರೆಯುತ್ತಾರೆ, ನಿಮ್ಮ ಸುಸ್ತು ಪಕ್ಕಕ್ಕೆ ಸರಿಯುತ್ತದೆ.

ನಿದ್ದೆಯ ವಿಷಯದಲ್ಲಿ ಒಂದೇ ಒಂದು ನಿಯಮ ಹಿಡಿಯಬೇಕೆಂದರೆ, ಏಳುವ ಸಮಯವನ್ನು ಕಟ್ಟಿಹಾಕಿ. ಮಲಗುವ ಸಮಯವನ್ನಲ್ಲ. ಬೇಗ ಮಲಗುತ್ತೇನೆಂದು ಹತ್ತಕ್ಕೇ ಹಾಸಿಗೆಗೆ ಹೋಗಿ ಹನ್ನೆರಡರವರೆಗೆ ಸೂರು ನೋಡಿದರೆ, ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮೆದುಳು ಕಲಿಯುತ್ತದೆ. ರಾತ್ರಿ 9.30ರ ಕಾಲ್ 10.15ಕ್ಕೆ ಮುಗಿದರೆ ತಲೆ ತಣ್ಣಗಾಗಲು ಒಂದೂವರೆ ಗಂಟೆ ಬೇಕು. ಹಾಗಾಗಿ 12ಕ್ಕೆ ಮಲಗಿ 7ಕ್ಕೆ ಏಳುವುದು ಪ್ರಾಮಾಣಿಕ ಲೆಕ್ಕ. ಭಾನುವಾರವೂ ಏಳೇ. ಹಾಸಿಗೆಯಲ್ಲಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಲ್ಲಿ ಬಟ್ಟೆ ಮಡಚುವಂಥ ಕೆಲಸ, ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಗಡಿಯಾರ ನೋಡಬಾರದು. ಮೊದಲ ವಾರ ಇದರಿಂದ ಇನ್ನಷ್ಟು ಸುಸ್ತಾಗುತ್ತದೆ, ಎಷ್ಟೋ ಜನ ಕೈಬಿಡುವುದು ಇಲ್ಲೇ. ಹಿಡಿತ ಸಿಗುವುದು ಎರಡನೇ, ಮೂರನೇ ವಾರದಲ್ಲಿ.

ಕಾಫಿ ಬಿಡಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಆದರೆ ಕೆಫೀನ್ ದೇಹದಲ್ಲಿ ಅರ್ಧವಾಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ ಲೋಟ ರಾತ್ರಿ ಹತ್ತಕ್ಕೂ ಒಳಗೆ ಎದ್ದು ಕೂತಿರುತ್ತದೆ. ದಿನಕ್ಕೆ ಐದಿದ್ದರೆ ನಾಲ್ಕು ದಿನಕ್ಕೊಂದರಂತೆ ಕಡಿಮೆ ಮಾಡಿ ಎರಡಕ್ಕೆ ತರಬೇಕು, ಕೊನೆಯದು ಮಧ್ಯಾಹ್ನ ಒಂದರೊಳಗೆ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ, ಅದನ್ನು ‘ಒತ್ತಡದ ತಲೆನೋವು’ ಎಂದು ತಪ್ಪು ತಿಳಿದು ಮತ್ತೆ ಲೋಟ ಎತ್ತುತ್ತೇವೆ. ಮದ್ಯ ನಿದ್ದೆಯನ್ನು ಬೇಗ ತರುತ್ತದೆ, ಬೆಳಗಿನ ಜಾವ ಮುರಿಯುತ್ತದೆ. ಎದ್ದ ಒಂದು ಗಂಟೆಯೊಳಗೆ 25 ನಿಮಿಷ ಬಿಸಿಲಲ್ಲಿ ನಡಿಗೆ. ಮಾತಾಡುತ್ತಾ ನಡೆಯುವಷ್ಟೇ ವೇಗ, ಓಟ ಅಲ್ಲ. ಮೊದಲ ಆರು ವಾರ ಜಿಮ್‌ಗೆ ಹಣ ಕಟ್ಟಬೇಡಿ.

ಈಗ ನಿಜವಾದ ಬಲೆ. ನಾಲ್ಕನೇ ವಾರದ ಹೊತ್ತಿಗೆ ಒಂದು ಬೆಳಿಗ್ಗೆ ಅಂಕ 8 ಬರುತ್ತದೆ. ಹಳೆಯ ನಾನು ವಾಪಸ್ ಬಂದೆ ಎಂಬ ಹುಮ್ಮಸ್ಸಿನಲ್ಲಿ ಬಾಕಿ ಬಿದ್ದ ಎಲ್ಲವನ್ನೂ ಆ ದಿನವೇ ಮುಗಿಸುತ್ತೇವೆ. ಏಟು ಆ ದಿನ ಬೀಳುವುದಿಲ್ಲ, ಒಂದೆರಡು ದಿನ ಬಿಟ್ಟು ಬೀಳುತ್ತದೆ. ಹಾಗಾಗಿ ಕಾರಣ ಕಾಣಿಸದೆ ‘ಏನು ಮಾಡಿದರೂ ಅಷ್ಟೇ’ ಎನಿಸುತ್ತದೆ. ಇದಕ್ಕೆ ಮಿತಿ ಕೆಟ್ಟ ದಿನಕ್ಕಲ್ಲ, ಒಳ್ಳೆಯ ದಿನಕ್ಕೆ ಹಾಕಬೇಕು. ಹತ್ತು ಕೆಲಸ ಮಾಡಬಲ್ಲೆ ಎನಿಸಿದರೆ ಆರಕ್ಕೆ ನಿಲ್ಲಿಸುವುದು. ಗಟ್ಟಿ ಗಮನ ಬೇಡುವ ಕೆಲಸ ಮೊದಲಿಗೆ ದಿನಕ್ಕೆ 90 ನಿಮಿಷ, ವಾರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಏರಿಸದೆ. ವಾರದ ಸರಾಸರಿ ಅಂಕ ಹಿಂದಿನ ವಾರಕ್ಕಿಂತ ಒಂದು ಇಳಿದರೆ ಏರಿಸುವುದಿಲ್ಲ, ಎರಡು ವಾರ ಸತತ ಇಳಿದರೆ ಒಂದು ಮೆಟ್ಟಿಲು ಹಿಂದಕ್ಕೆ.

ಭಾವನೆಗಳ ಕಡೆ ಬಂದರೆ, ಯಾರೂ ಮೊದಲೇ ಹೇಳದ ಒಂದು ಮಾತಿದೆ. ಬರ್ನ್‌ಔಟ್ ತೀವ್ರವಾಗಿದ್ದಾಗ ಒಳಗೆ ಮರಗಟ್ಟಿರುತ್ತದೆ. ವಿಶ್ರಾಂತಿ ಸಿಕ್ಕ ಮೇಲೆ ಮರಗಟ್ಟಿದ ಕಾಲಿಗೆ ರಕ್ತ ಬಂದಂತೆ ಜುಮ್ಮೆನ್ನುತ್ತದೆ. ಕಾರಣವಿಲ್ಲದೆ ಅಳು, ಹಳೆಯ ಮೀಟಿಂಗಿನ ನೆನಪಿಗೆ ಸಿಟ್ಟು. ಇದು ಹೆಚ್ಚಾಯಿತು ಎಂಬ ಲಕ್ಷಣವೇ ಆಗಬೇಕಿಲ್ಲ. ನೋಟ್‌ಬುಕ್ಕಿನಲ್ಲಿ ‘ಬೇಜಾರು’, ‘ಟೆನ್ಷನ್’ ಎಂಬ ಎರಡು ಪದಗಳನ್ನು ನಿಷೇಧಿಸಿ. ನಮ್ಮಲ್ಲಿ ಎಲ್ಲವೂ ಆ ಎರಡು ಡಬ್ಬಗಳಿಗೆ ಬೀಳುತ್ತದೆ. ಅವಮಾನವೋ, ಹೊಟ್ಟೆಕಿಚ್ಚೋ, ಭಯವೋ, ಅಸಹಾಯಕತೆಯೋ, ಬರೀ ಹಸಿವೋ ಎಂದು ಬಿಡಿಸಿ ಬರೆದರೆ ಮುಂದಿನ ಹೆಜ್ಜೆ ತಾನಾಗಿ ಬೇರೆಯಾಗುತ್ತದೆ. ಅವಮಾನಕ್ಕೆ ಮಾತು ಬೇಕು, ಭಯಕ್ಕೆ ಮಾಹಿತಿ ಬೇಕು, ಹಸಿವಿಗೆ ಚಿತ್ರಾನ್ನ ಸಾಕು.

ಮನೆಯವರಿಗೆ ‘ಬರ್ನ್‌ಔಟ್’ ಎಂದು ಹೇಳಿದರೆ ‘ನಾವೆಲ್ಲ ದುಡಿದಿಲ್ವಾ’ ಎಂಬ ಮಾತು ಬರುವುದು ಖಚಿತ. ವಾದ ಬೇಡ. ‘ಅಮ್ಮ, ಆಫೀಸಿಂದ ಬಂದ ಮೇಲೆ ಅರ್ಧ ಗಂಟೆ ನನ್ನನ್ನ ಏನೂ ಕೇಳಬೇಡ, ಆಮೇಲೆ ತರಕಾರಿ ಹೆಚ್ಚಿಕೊಡ್ತೀನಿ’ ಎಂಬಂಥ ಸಣ್ಣ, ನಿಖರ ಕೋರಿಕೆ ಸಾಕು. ಕೌನ್ಸೆಲಿಂಗ್‌ಗೆ ಹೋಗುವವರು ಆ 42 ಸಾಲುಗಳನ್ನು ಜೊತೆಗೆ ಒಯ್ದರೆ ಮೊದಲೆರಡು ಭೇಟಿಗಳ ಪೀಠಿಕೆ ಉಳಿಯುತ್ತದೆ. ವಾರಕ್ಕೊಂದರಂತೆ ನಾಲ್ಕು ಭೇಟಿ ಆದ ಮೇಲೂ ಏನು ಅಭ್ಯಾಸ ಮಾಡಬೇಕೆಂಬ ಸ್ಪಷ್ಟತೆ ಸಿಗದಿದ್ದರೆ ಕೇಳಿ, ಬೇಕಿದ್ದರೆ ಬದಲಿಸಿ. ಖಿನ್ನತೆಗೆ ಮಾತ್ರೆ ಕೊಟ್ಟಿದ್ದರೆ ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೂರನೇ ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಎಂದೋ, ಎರಡನೇ ತಿಂಗಳು ‘ಸರಿಹೋಯ್ತು’ ಎಂದೋ ತಾವೇ ನಿಲ್ಲಿಸಬಾರದು.

ಪ್ರಯೋಜನಕ್ಕೆ ಬಾರದವೂ ಇವೆ. ಬೆಳಿಗ್ಗೆ ಐದಕ್ಕೆ ಏಳುವ ಪಂಥ, ರಾತ್ರಿ ಕಾಲ್ ಇರುವವರಿಗೆ ಅದು ನೇರ ನಿದ್ದೆಗಳ್ಳತನ. ವಾರಾಂತ್ಯದ ರೆಸಾರ್ಟ್. ಟು-ಡೂ ಆ್ಯಪ್. ಸಿಟ್ಟಿನಲ್ಲಿ ಬರೆದ ರಾಜೀನಾಮೆಯೂ ಇದೇ ಸಾಲಿಗೆ. ಬಿಡಲೇಬೇಕಾದ ಕೆಲಸಗಳು ಇವೆ, ನಿಜ. ಆದರೆ ಇಎಂಐ ಸೇರಿ ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಬಿಟ್ಟರೆ ಹಣದ ಭಯವೇ ಹೊಸ ಆನ್‌ಕಾಲ್ ಆಗುತ್ತದೆ. ಅಂಕ ನಾಲ್ಕು ವಾರ ಸತತ 5ರ ಮೇಲೆ ನಿಂತ ಮೇಲೆ ಆ ತೀರ್ಮಾನ ಮಾಡಿದರೆ, ಓಡಿಹೋಗುತ್ತಿದ್ದೇವೋ ಹೊರಟಿದ್ದೇವೋ ಎಂಬುದಾದರೂ ತಿಳಿಯುತ್ತದೆ.

ಐದು ತಿಂಗಳ ನಂತರ ನೋಟ್‌ಬುಕ್ ದಿನಾ ಬೇಡ, ತಿಂಗಳಿಗೊಂದು ವಾರ ಸಾಕು. ಮರುಕಳಿಸುವ ಸೂಚನೆ ಪ್ರತಿಯೊಬ್ಬರಿಗೂ ಬೇರೆ. ನನ್ನ ಮೂರು: ಸ್ನಾನ ಮಾಡುವಾಗ ಟಿಕೆಟ್ ನಂಬರ್ ನೆನಪಾಗುವುದು, ಗೆಳೆಯರ ಫೋನ್ ಎತ್ತದಿರುವುದು, ಹೊಸಬರ ಪ್ರಶ್ನೆಗೆ ರೇಗುವುದು. ಮೂರರಲ್ಲಿ ಎರಡು ಒಂದೇ ವಾರ ಕಂಡರೆ ಮರುವಾರ ಮತ್ತೆ ಹತ್ತರ ಬದಲು ಆರಕ್ಕೆ ನಿಲ್ಲಿಸುವ ನಿಯಮ ಜಾರಿ. ಅಮೆರಿಕದ ಪಶ್ಚಿಮ ಕರಾವಳಿಯ ತಂಡದೊಂದಿಗೆ ಕೆಲಸ ಮಾಡುವವರು ಕ್ಯಾಲೆಂಡರಿನಲ್ಲಿ ಇನ್ನೊಂದನ್ನೂ ಗುರುತು ಹಾಕಿಕೊಳ್ಳಬೇಕು: ನವೆಂಬರ್‌ನ ಮೊದಲ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವರ ಬೆಳಿಗ್ಗೆ 9ರ ಮೀಟಿಂಗ್ ನಮಗೆ ರಾತ್ರಿ 9.30ರಿಂದ 10.30ಕ್ಕೆ ಜಾರಿ, ಮಾರ್ಚ್‌ನ ಎರಡನೇ ಭಾನುವಾರದವರೆಗೂ ಅಲ್ಲೇ ನಿಲ್ಲುತ್ತದೆ. ಅಕ್ಟೋಬರ್ ಮುಗಿಯುವ ಮೊದಲೇ ಆ ಮೀಟಿಂಗನ್ನು ಅವರ 8ಕ್ಕೆ ಸರಿಸಲು ಕೇಳಿ.