ಇಂಗ್ಲೆಂಡಿನಲ್ಲಿ ಪೊಲೀಸರ ಮೇಲೆ ದಾವೆ: ಬ್ಯಾರಿಸ್ಟರ್ ಮುಂದಿಡುವ ಕಡತವನ್ನು ಕಟ್ಟುವುದು ಹೇಗೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ಕಾರಣವಿಲ್ಲದೆ ಹಿಡಿದು ಕೂಡಿಟ್ಟರೆ ಅಥವಾ ಮೈಮೇಲೆ ಕೈ ಮಾಡಿದರೆ ಎರಡು ದಾರಿಗಳಿವೆ. ದೂರು ಕೊಟ್ಟರೆ ಅಧಿಕಾರಿಯ ಮೇಲೆ ಶಿಸ್ತು ಕ್ರಮ ಆಗಬಹುದು. ನ್ಯಾಯಾಲಯ ಪರಿಹಾರದ ಹಣ ಕೊಡಿಸುವುದು ಸಿವಿಲ್ ದಾವೆಯಲ್ಲಿ. ಅಲ್ಲಿ ಸಾಮಾನ್ಯವಾಗಿ ನಿಮ್ಮ ಪರ ವಾದಿಸುವ ವಕೀಲರೇ ಬ್ಯಾರಿಸ್ಟರ್. ದೂರಿನ ಉತ್ತರ ಬರಲಿ ಎಂದು ಕಾಯುತ್ತ ಕೂತರೆ ದಾವೆಯ ಕಾಲಮಿತಿ ಮೀರಿಹೋಗುತ್ತದೆ. ದೂರು ಕೊಟ್ಟ ಮಾತ್ರಕ್ಕೆ ಆ ಲೆಕ್ಕ ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಕೆಲಸ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವುದು. ಪೊಲೀಸರ ನಿರ್ಧಾರವನ್ನೇ ರದ್ದು ಮಾಡಿಸುವ ನ್ಯಾಯಿಕ ಪರಿಶೀಲನೆಗೆ ತಡಮಾಡದೆ, ಹೆಚ್ಚೆಂದರೆ 3 ತಿಂಗಳೊಳಗೆ ಹೋಗಬೇಕು. ಬಣ್ಣ, ಜನಾಂಗ, ಧರ್ಮ ನೋಡಿ ತಾರತಮ್ಯ ಮಾಡಿದರು ಎಂಬ 2010ರ ಸಮಾನತಾ ಕಾಯ್ದೆಯ ದಾವೆಗೆ 6 ತಿಂಗಳಿಗೆ ಒಂದು ದಿನ ಕಡಿಮೆ. ಮಾನವ ಹಕ್ಕು ಕಾಯ್ದೆಯಡಿ 1 ವರ್ಷ. ಹೊಡೆತದಿಂದಾದ ಗಾಯಕ್ಕೆ 3 ವರ್ಷ. ಅಕ್ರಮ ಬಂಧನಕ್ಕೆ 6 ವರ್ಷ. ಒಂದೇ ಘಟನೆಯಲ್ಲಿ ಇವೆಲ್ಲ ಸೇರಿರಬಹುದು. ಅತಿ ಹತ್ತಿರದ ತಾರೀಖನ್ನೇ ನಿಮ್ಮ ಗಡುವು ಎಂದು ಇಟ್ಟುಕೊಳ್ಳಿ.

ಎರಡನೆಯದು ಪುರಾವೆ. ಇಲ್ಲಿ ವರ್ಷಗಳ ಲೆಕ್ಕವಿಲ್ಲ, ದಿನಗಳ ಲೆಕ್ಕ. ಪ್ರಕರಣಕ್ಕೆ ಬೇಕಾದದ್ದು ಎಂದು ಗುರುತು ಹಾಕದ ಬಾಡಿ ಕ್ಯಾಮೆರಾ ದೃಶ್ಯ ಸಾಮಾನ್ಯವಾಗಿ 31 ದಿನಕ್ಕೆ ಅಳಿಸಿಹೋಗುತ್ತದೆ. ಅಂಗಡಿ, ಬಸ್ಸಿನ ಕ್ಯಾಮೆರಾಗಳದ್ದು ಅದಕ್ಕಿಂತ ಬೇಗ ಹೋಗಬಹುದು. ಘಟನೆಯ ಸ್ಥಳ, ಹೊತ್ತು, ಗೊತ್ತಿದ್ದರೆ ಅಧಿಕಾರಿಯ ಭುಜದ ಸಂಖ್ಯೆ ಬರೆದು, ದೃಶ್ಯವನ್ನು ಉಳಿಸಿಡಿ ಎಂದು ಪೊಲೀಸರಿಗೂ ಆ ಕ್ಯಾಮೆರಾಗಳವರಿಗೂ ಆ ವಾರವೇ ಇಮೇಲ್ ಕಳಿಸಿ. ಜೊತೆಗೇ ಅವರ ಬಳಿ ಇರುವ ನಿಮ್ಮ ಮಾಹಿತಿಯ ಪ್ರತಿ ಕೇಳುವ ಅರ್ಜಿಯನ್ನೂ ಹಾಕಿ. ಅದಕ್ಕೆ ಶುಲ್ಕವಿಲ್ಲ, ಉತ್ತರಕ್ಕೆ ಸಾಮಾನ್ಯವಾಗಿ ಒಂದು ತಿಂಗಳು. ಗಾಯವಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಕೈಕೋಳದ ಗುರುತು ಎರಡು ದಿನದಲ್ಲಿ ಮಾಸಬಹುದು.

ಕಡತದ ಬೆನ್ನೆಲುಬು ಕಸ್ಟಡಿ ರೆಕಾರ್ಡ್, ಅಂದರೆ ಠಾಣೆಯಲ್ಲಿ ನಿಮ್ಮನ್ನು ಇಟ್ಟಷ್ಟು ಹೊತ್ತು ನಡೆದದ್ದನ್ನು ಪೊಲೀಸರು ಬರೆದಿಟ್ಟ ದಾಖಲೆ. ಬಿಡುಗಡೆಯಾದ ಮೇಲೆ 12 ತಿಂಗಳವರೆಗೆ ಅದರ ಪ್ರತಿ ಕೇಳಿ ಪಡೆಯುವ ಹಕ್ಕಿದೆ. ಬೀದಿಯಲ್ಲಿ ನಿಲ್ಲಿಸಿ ಜೇಬು ತಪಾಸಣೆ ಮಾಡಿದ್ದರೆ ಅದರ ದಾಖಲೆಯನ್ನು 3 ತಿಂಗಳೊಳಗೆ ಕೇಳಬೇಕು. ರೆಕಾರ್ಡ್ ಕೈಗೆ ಬಂದಾಗ ಎರಡು ಹೊತ್ತುಗಳಿಗೆ ಅಡಿಗೆರೆ ಎಳೆಯಿರಿ: ಠಾಣೆಗೆ ಕರೆತಂದ ಹೊತ್ತು, ಕಸ್ಟಡಿ ಅಧಿಕಾರಿ ಒಳಗಿಡಲು ಒಪ್ಪಿಗೆ ಬರೆದ ಹೊತ್ತು. ದೋಷಾರೋಪವಿಲ್ಲದೆ 24 ಗಂಟೆ ಇಡಬಹುದು ಎಂಬ ಮಿತಿ ಸಾಮಾನ್ಯವಾಗಿ ಮೊದಲನೆಯದರಿಂದ ಶುರು. ಬಂಧನ ಇನ್ನೂ ಬೇಕೇ ಎಂಬ ಪರಿಶೀಲನೆಯ ಲೆಕ್ಕ ಎರಡನೆಯದರಿಂದ: ಮೊದಲ ಪರಿಶೀಲನೆ 6 ಗಂಟೆಯೊಳಗೆ, ಆಮೇಲಿನದು 9 ಗಂಟೆಗೊಂದು. ಉದಾಹರಣೆಗೆ ಒಪ್ಪಿಗೆ 22.40ಕ್ಕೆ, ಪರಿಶೀಲನೆ 06.55ಕ್ಕೆ ಎಂದಿದ್ದರೆ ಅದು 04.40ಕ್ಕೇ ಆಗಬೇಕಿತ್ತು. ತಡವಾದದ್ದಕ್ಕೆ ತಕ್ಕ ಕಾರಣ ಬರೆದಿಲ್ಲವಾದರೆ ಆ 2 ಗಂಟೆ 15 ನಿಮಿಷ ಅಕ್ರಮ ಬಂಧನವಾಗಬಹುದು. 1999ರಲ್ಲಿ ವರದಿಯಾದ ರಾಬರ್ಟ್ಸ್ ತೀರ್ಪು ಹೇಳುವುದು ಇದನ್ನೇ. ಆದರೆ 2011ರ ಲುಂಬಾ ತೀರ್ಪಿನ ನಂತರ, ಹೊತ್ತಿಗೆ ಸರಿಯಾಗಿ ಪರಿಶೀಲಿಸಿದ್ದರೂ ಒಳಗೇ ಇಡುತ್ತಿದ್ದರು ಎಂದು ಪೊಲೀಸರು ತೋರಿಸಿಕೊಟ್ಟರೆ ಸಿಗುವುದು ಹೆಸರಿಗಷ್ಟೇ ಪರಿಹಾರ. ಹಾಗಾಗಿ ಬಂಧನವೇ ಅಗತ್ಯವಿತ್ತೇ ಎಂಬ ಪ್ರಶ್ನೆಯ ಮೇಲೆ ಹೆಚ್ಚು ಗಮನ ಕೊಡಿ. ಕರೆದಿದ್ದರೆ ತಾವೇ ಠಾಣೆಗೆ ಬಂದು ಹೇಳಿಕೆ ಕೊಡುತ್ತಿದ್ದವರನ್ನು ಮನೆಯಿಂದ ಎಳೆದೊಯ್ದಿದ್ದರೆ ಪ್ರಕರಣ ಅಲ್ಲೇ ಗಟ್ಟಿಯಾಗುತ್ತದೆ. ಕೂಡಿಟ್ಟದ್ದು ರುಜುವಾದ ಮೇಲೆ ಅದು ಕಾನೂನುಬದ್ಧ ಎಂದು ತೋರಿಸುವ ಹೊಣೆ ಪೊಲೀಸರದು.

ಕನ್ನಡಿಗರು ಇದೇ ರೆಕಾರ್ಡಿನಲ್ಲಿ ಇನ್ನೊಂದು ಸಾಲು ಹುಡುಕಬೇಕು: ದುಭಾಷಿ. ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಪುಕ್ಕಟೆ ದುಭಾಷಿ ಕೊಡಲೇಬೇಕು. ಭಾರತೀಯರು ತಾನೇ ಎಂದು ಹಿಂದಿಯವರನ್ನು ಫೋನಿನಲ್ಲಿ ಹಿಡಿದುಕೊಟ್ಟರೆ ಸುಮ್ಮನೆ ತಲೆಯಾಡಿಸಬೇಡಿ. ‘ಕನ್ನಡದವರು ಬೇಕು’ ಎಂದು ಹೇಳಿ, ಅದನ್ನು ದಾಖಲಿಸಲು ಕೇಳಿ. ಊರಿನಿಂದ ಮಗಳ ಮನೆಗೆ ಬಂದ ವಯಸ್ಸಾದ ತಂದೆತಾಯಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಿ. ಭಾರತದ ಪಾಸ್‌ಪೋರ್ಟ್ ಇದ್ದವರು ಭಾರತೀಯ ಹೈಕಮಿಷನ್‌ಗೆ ಸುದ್ದಿ ಮುಟ್ಟಿಸಲು ಕೇಳಬಹುದು. ಠಾಣೆಯಲ್ಲಿ ನಿಮಗೆ ಸಲಹೆ ಕೊಡುವ ವಕೀಲರು, ಅಂದರೆ ಸಾಲಿಸಿಟರ್, ಕೂಡ ಪುಕ್ಕಟೆ. ಅವರ ಜೊತೆ ಮಾತಾಡದೆ, ಮನೆಗೆ ಬೇಗ ಬಿಡುತ್ತಾರೆಂಬ ಆಸೆಗೆ ‘ಕಾಷನ್’ (ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ) ಒಪ್ಪಿ ಸಹಿ ಹಾಕಬೇಡಿ. ಅದು ತಪ್ಪೊಪ್ಪಿಗೆ, ಮುಂದೆ ಬಂಧನ ತಪ್ಪೆಂದು ವಾದಿಸುವುದು ಬಹಳ ಕಷ್ಟ.

ಇಷ್ಟಾದ ಮೇಲೆ ಘಟನಾವಳಿ ಬರೆಯಿರಿ. ಮೂರು ಕಾಲಂ ಸಾಕು: ಹೊತ್ತು, ನಡೆದದ್ದು, ಅದಕ್ಕೆ ಪುರಾವೆ ಯಾವ ಪುಟದಲ್ಲಿದೆ. ‘ಅವಮಾನ ಮಾಡಿದರು’ ಎಂದು ಬರೆದರೆ ಬ್ಯಾರಿಸ್ಟರಿಗೆ ಏನೂ ಸಿಗುವುದಿಲ್ಲ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಿರಿ. ನಿಮಗೆ ಪ್ರತಿಕೂಲವಾದದ್ದನ್ನೂ ಸೇರಿಸಿ. ಬೈದಿದ್ದರೆ, ಕೈ ಕೊಸರಿದ್ದರೆ ಅದು ಕ್ಯಾಮೆರಾದಲ್ಲಿ ಇದ್ದೇ ಇರುತ್ತದೆ.

ಬ್ಯಾರಿಸ್ಟರನ್ನು ಸಾಮಾನ್ಯವಾಗಿ ಸಾಲಿಸಿಟರ್ ಮೂಲಕ ನೇಮಿಸಬೇಕು. ‘ಪಬ್ಲಿಕ್ ಆ್ಯಕ್ಸೆಸ್’ ತರಬೇತಿ ಪಡೆದವರನ್ನು ನೇರವಾಗಿ ಕಾಣಬಹುದು, ಆದರೆ ಅರ್ಜಿ ಸಲ್ಲಿಸುವುದು, ಪತ್ರವ್ಯವಹಾರ ಬಹುಮಟ್ಟಿಗೆ ನಿಮ್ಮ ತಲೆಗೇ ಬರುತ್ತದೆ. ಸರ್ಕಾರಿ ಕಾನೂನು ನೆರವಿಗೆ ಅರ್ಹರಾದವರು ಸಾಲಿಸಿಟರ್ ಬಳಿಗೇ ಹೋಗಿ, ನೇರ ನೇಮಕದಲ್ಲಿ ಆ ನೆರವಿಲ್ಲ. ಬ್ಯಾರಿಸ್ಟರುಗಳು ಹಂಚಿಕೊಂಡಿರುವ ಒಂದೇ ಕಚೇರಿಯಲ್ಲಿ (ಛೇಂಬರ್) ಒಬ್ಬರು ಪೊಲೀಸರ ಪರ, ಇನ್ನೊಬ್ಬರು ಜನರ ಪರ ವಾದಿಸುವುದುಂಟು. ಪ್ರತಿಯೊಬ್ಬರದೂ ಸ್ವತಂತ್ರ ವೃತ್ತಿಯಾದ್ದರಿಂದ ಗಾಬರಿ ಬೇಡ. ಸೋತರೆ ಎದುರಿನವರ ಖರ್ಚು ಎಷ್ಟು ಮೈಮೇಲೆ ಬರಬಹುದು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ಬರಹದಲ್ಲಿ ಪಡೆಯಿರಿ.

ದೂರು ಹೋಗಬೇಕಾದದ್ದು ಆಯಾ ಪೊಲೀಸ್ ಪಡೆಯ ವೃತ್ತಿ ಶಿಸ್ತು ವಿಭಾಗಕ್ಕೆ. ಉತ್ತರ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೋರಲು 28 ದಿನ. ಅದನ್ನು ಎಲ್ಲಿಗೆ ಕಳಿಸಬೇಕೆಂದು ಉತ್ತರದ ಪತ್ರದಲ್ಲೇ ಇರುತ್ತದೆ: ಕೆಲವು ಪೊಲೀಸ್ ನಡವಳಿಕೆಯ ಸ್ವತಂತ್ರ ಕಚೇರಿಗೆ, ಉಳಿದವು ಸ್ಥಳೀಯ ಪೊಲೀಸ್ ಮೇಲ್ವಿಚಾರಣಾ ಸಂಸ್ಥೆಗೆ.

ದಾವೆಯ ಪ್ರತಿವಾದಿ ಮುಖ್ಯ ಕಾನ್‌ಸ್ಟೆಬಲ್, ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರಾದರೆ ಕಮಿಷನರ್. ಕೈ ಮಾಡಿದ ಪೇದೆಯಲ್ಲ. ಮೊತ್ತ ಕೇಳುವಾಗ ವಾಸ್ತವ ಮರೆಯಬೇಡಿ. 1997ರ ಥಾಂಪ್ಸನ್ ತೀರ್ಪು ಅಕ್ರಮ ಬಂಧನದ ಮೊದಲ ಗಂಟೆಗೆ 500 ಪೌಂಡ್, 24 ಗಂಟೆಗೆ ಸುಮಾರು 3,000 ಪೌಂಡ್ ಎಂದಿತ್ತು. ಈಗ ಬೆಲೆಯೇರಿಕೆ ಸೇರಿಸಿ ಲೆಕ್ಕ ಹಾಕುತ್ತಾರೆ. ಅಕ್ರಮ ಬಂಧನದ ದಾವೆಯಲ್ಲಿ ಜೂರಿ ಕೇಳುವ ಹಕ್ಕೂ ಇದೆ. ಪ್ರತಿವಾದಿಯ ಉತ್ತರ ಕೈಸೇರಿದ 28 ದಿನದೊಳಗೆ ಆ ಅರ್ಜಿ ಹಾಕಬೇಕು. ತಪ್ಪಿದರೆ ಜೂರಿ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು.