ರಿಜಿಸ್ಟ್ರಿಯಲ್ಲಿ ಕೂತು ಕಳ್ಳ ಸೈಟು ನಿಲ್ಲಿಸೋದು: ನನ್ನ ಅನುಭವ

ಡೊಮೇನ್‌ಗಳ, ಅಂದರೆ ಸೈಟುಗಳ ಹೆಸರಿನ, ಮೂಲ ಪಟ್ಟಿ ನೋಡಿಕೊಳ್ಳುವ ಸಂಸ್ಥೆಯೇ ರಿಜಿಸ್ಟ್ರಿ. ಅದರ ದೂರು ವಿಭಾಗಕ್ಕೆ ಸೇರಿದ ಹೊಸತರಲ್ಲಿ, ಕೆಟ್ಟ ಸೈಟು ಕಂಡ ಕೂಡಲೇ ಅಳಿಸಿಹಾಕೋದೇ ನನ್ನ ಕೆಲಸ ಅಂದುಕೊಂಡಿದ್ದೆ. ಆದರೆ ಸೈಟು ನಮ್ಮ ಹತ್ತಿರ ಇರುವುದೇ ಇಲ್ಲ. ಅದು ಇರುವುದು ಹೋಸ್ಟಿಂಗ್ ಕಂಪನಿಯಲ್ಲಿ. ಹೆಸರು ಮಾರಿದ್ದು ರಿಜಿಸ್ಟ್ರಾರ್. ನಮ್ಮ ಕೈಯಲ್ಲಿರುವುದು ಒಂದು ಪಟ್ಟಿ ಅಷ್ಟೇ: ಯಾವ ಹೆಸರಿಗೆ ಯಾವ ನೇಮ್‌ಸರ್ವರ್ (ಆ ಹೆಸರಿನ ಸೈಟು, ಮೇಲ್ ಎಲ್ಲಿವೆ ಅಂತ ದಾರಿ ಹೇಳುವ ಕಂಪ್ಯೂಟರ್) ಅಂತ.

'ಸರ್ವರ್‌ಹೋಲ್ಡ್' ಹಾಕಿದರೆ ಹೆಸರು ಆ ಪಟ್ಟಿಯಿಂದ ಹೊರಗೆ. (ಇದನ್ನೇ ರಿಜಿಸ್ಟ್ರಾರ್ ಮಾಡಿದರೆ 'ಕ್ಲೈಂಟ್‌ಹೋಲ್ಡ್'.) ಸೈಟು, ಸಬ್‌ಡೊಮೇನ್, ಇಮೇಲ್ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಒಂದು ಪುಟ ಮಾತ್ರ ತೆಗೆಯಿರಿ ಅಂದರೆ ನಮ್ಮಿಂದ ಆಗಲ್ಲ.

ಇದು ನನಗೆ ಅರ್ಥವಾದದ್ದು ಎಡವಿದ ಮೇಲೆ. ಒಂದು ಬ್ಯಾಂಕಿನ ನಕಲಿ ಲಾಗಿನ್ ಪುಟದ ದೂರು ಬಂತು. ತೆರೆದು ನೋಡಿದೆ, ನಿಜವೇ. ಹತ್ತು ನಿಮಿಷದಲ್ಲಿ ಹೋಲ್ಡ್ ಹಾಕಿ ಸಿಕ್ಕಾಪಟ್ಟೆ ಬೀಗಿದೆ. ಮರುದಿನ ಯಾರೋ ತಮ್ಮ ಖಾಸಗಿ ಇಮೇಲ್‌ನಿಂದ ಬರೆದರು: 'ನಮ್ಮ ಕಂಪನಿಯ ಮೇಲ್ ನಿನ್ನೆಯಿಂದ ಸತ್ತಿದೆ.' ಅವರ ಸೈಟಿನಲ್ಲಿದ್ದ ಹಳೇ ಪ್ಲಗಿನ್ (ಸೈಟಿಗೆ ಜೋಡಿಸುವ ಪುಟ್ಟ ತಂತ್ರಾಂಶ) ಮೂಲಕ ಕಳ್ಳರು ಒಳಗೆ ನುಗ್ಗಿ ಯಾವುದೋ ಮೂಲೆಯ ಫೋಲ್ಡರ್‌ನಲ್ಲಿ ಆ ಪುಟ ಇಟ್ಟಿದ್ದರು. ಡೊಮೇನ್ ಒಂಬತ್ತು ವರ್ಷ ಹಳೆಯದು. ಆ ತಾರೀಕು ನನ್ನ ಕಣ್ಣೆದುರೇ ಇತ್ತು, ನೋಡಿರಲಿಲ್ಲ. ಆ ದೂರು ಹೋಸ್ಟಿಂಗ್‌ನವರಿಗೆ, ಮಾಲೀಕರಿಗೆ ಹೋಗಬೇಕಿತ್ತು.

ಈಗ ಮೊದಲು ನೋಡುವುದೇ ನೋಂದಣಿ ದಿನಾಂಕ. ಮೊನ್ನೆ ತಗೊಂಡ ಹೆಸರು, ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ಆಚೀಚೆ, ಮುಖಪುಟ ಖಾಲಿ, ಒಳಗೆ ಲಾಗಿನ್ ಪುಟ ಮಾತ್ರ. ಇಂಥದ್ದಕ್ಕೆ ಜಾಸ್ತಿ ಯೋಚಿಸುವುದಿಲ್ಲ. ರಿಜಿಸ್ಟ್ರಾರ್‌ಗೆ ಸಾಕ್ಷಿ ಕಳಿಸುತ್ತೇನೆ. ಅವರು ಸುಮ್ನೆ ಕೂತರೆ ಹೋಲ್ಡ್ ಹಾಕಿ, ಬೇರೆ ರಿಜಿಸ್ಟ್ರಾರ್ ಕಡೆ ಓಡದ ಹಾಗೆ ವರ್ಗಾವಣೆಗೂ ಬೀಗ ಹಾಕುತ್ತೇನೆ.

ಸಾಕ್ಷಿ ಸಿಗುವುದೂ ಅಷ್ಟು ಸಲೀಸಲ್ಲ. ಒಮ್ಮೆ ಲಿಂಕ್ ತೆರೆದರೆ ಬರೀ ಬಿಳಿ ಪುಟ. ದೂರು ಕೊಟ್ಟವರು ಮಾತ್ರ 'ಇದೆ, ಇದೆ' ಅನ್ನುತ್ತಲೇ ಇದ್ದರು. ಕೊನೆಗೆ ಅವರ ದೇಶದ ಐಪಿ ವಿಳಾಸದಿಂದ, ಮೊಬೈಲ್ ಬ್ರೌಸರ್‌ನಲ್ಲಿ ನೋಡಿದೆ. ಪುಟ ಹಾಜರ್! ನಮ್ಮಂಥವರಿಗೆ ಕಾಣದಂತೆ ಕಟ್ಟಿದ್ದರು ಪುಣ್ಯಾತ್ಮರು.

ಡಾಟ್ ಕಾಮ್‌ನಂಥ ಹೆಸರುಗಳಿಗೆ 2024ರ ಏಪ್ರಿಲ್ 5ರಿಂದ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ನಮ್ಮಂಥ ರಿಜಿಸ್ಟ್ರಿ, ರಿಜಿಸ್ಟ್ರಾರ್‌ಗಳ ಜೊತೆ ಮಾಡಿಕೊಂಡ ಒಪ್ಪಂದ ಬಿಗಿಯಾಗಿದೆ. ಫಿಶಿಂಗ್ (ನಕಲಿ ಪುಟದಿಂದ ಪಾಸ್‌ವರ್ಡ್ ಕದಿಯುವುದು), ಮಾಲ್‌ವೇರ್ (ಕೇಡಿನ ತಂತ್ರಾಂಶ), ಬಾಟ್‌ನೆಟ್ (ಕಳ್ಳರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರ್‌ಗಳ ಪಡೆ), ಫಾರ್ಮಿಂಗ್ (ಸರಿಯಾದ ವಿಳಾಸ ಒತ್ತಿದವರನ್ನೂ ನಕಲಿ ಸೈಟಿಗೆ ತಿರುಗಿಸುವುದು), ಇವುಗಳನ್ನು ಹರಡುವ ಸ್ಪ್ಯಾಮ್: ಇವುಗಳಿಗೆ ತಕ್ಕ ಸಾಕ್ಷಿ ಸಿಕ್ಕರೆ ಬೇಗ ಕ್ರಮ ಕೈಗೊಳ್ಳಲೇಬೇಕು. ಯಾರೋ ನನ್ನ ಬಗ್ಗೆ ಕೆಟ್ಟದಾಗಿ ಬರೆದಿದ್ದಾರೆ ಅನ್ನುವ ದೂರು ಈ ಪಟ್ಟಿಯಲ್ಲಿಲ್ಲ. ದೇಶಗಳ ಎರಡಕ್ಷರದ ಡೊಮೇನ್‌ಗಳಿಗೆ ಅವರವರದೇ ನಿಯಮ.

ಬಾಟ್‌ನೆಟ್ ಬಂದರೆ ಮಾತ್ರ ರಿಜಿಸ್ಟ್ರಿಯ ನಿಜವಾದ ಬಲ ಕಾಣುತ್ತದೆ. 2009ರಲ್ಲಿ ಕಾನ್‌ಫಿಕರ್ ಎಂಬ ವರ್ಮ್‌ನ (ತಾನಾಗಿಯೇ ಹರಡುವ ಮಾಲ್‌ವೇರ್) ಒಂದು ರೂಪವನ್ನು, ಕಳ್ಳರ ಆದೇಶ ಹುಡುಕಲು ದಿನಕ್ಕೆ 50,000 ಡೊಮೇನ್ ಹೆಸರು ಲೆಕ್ಕಹಾಕಿ ಹುಟ್ಟಿಸುವಂತೆ ಬರೆಯಲಾಗಿತ್ತು. ಆ ಲೆಕ್ಕ ಬಿಡಿಸಿದರೆ ನಾಳಿನ ಹೆಸರುಗಳು ಇವತ್ತೇ ಸಿಗುತ್ತವೆ. ಹಾಗಾಗಿ ಹಲವು ರಿಜಿಸ್ಟ್ರಿಗಳು ಕೈಜೋಡಿಸಿ, ಕಳ್ಳರು ಕೊಳ್ಳುವ ಮೊದಲೇ ಹೆಸರುಗಳನ್ನು ತಡೆದವು. ಕೆಲವು ಸಲ ತಡೆಯುವ ಬದಲು ಹೆಸರನ್ನು ಸಂಶೋಧಕರ ಸರ್ವರ್ ಕಡೆ ತಿರುಗಿಸುವುದೇ ಮೇಲು. ಸೋಂಕು ತಗಲಿದ ಕಂಪ್ಯೂಟರ್‌ಗಳು ತಾವಾಗಿಯೇ ಅಲ್ಲಿಗೆ ಬಂದು ಬಾಗಿಲು ತಟ್ಟುತ್ತವೆ. ಆಗ ಯಾರ ಮನೆಗೆ ರೋಗ ಹೊಕ್ಕಿದೆ ಅಂತ ಗೊತ್ತಾಗುತ್ತದೆ ಅಲ್ವಾ?

ಹೋಲ್ಡ್ ಹಾಕಿದ ಮೇಲೂ 'ಸೈಟು ಇನ್ನೂ ತೆರೆಯುತ್ತಿದೆ' ಅಂತ ಬೈಗುಳ ಬರುವುದುಂಟು. ಡಾಟ್ ಕಾಮ್ ಪಟ್ಟಿಯ ನೇಮ್‌ಸರ್ವರ್ ದಾಖಲೆಯನ್ನು ಬೇರೆ ಸರ್ವರ್‌ಗಳು 1,72,800 ಸೆಕೆಂಡ್, ಅಂದರೆ ಎರಡು ದಿನದವರೆಗೆ ನೆನಪಿಟ್ಟುಕೊಳ್ಳಬಹುದು. ಕಾಯದೆ ವಿಧಿಯಿಲ್ಲ.

ಇನ್ನು ದೂರು ಕಳಿಸುವವರಿಗೆ ಒಂದು ಮಾತು. ಬರೀ ಸ್ಕ್ರೀನ್‌ಶಾಟ್ ಸಾಲದು. ಪೂರ್ತಿ ವಿಳಾಸ, ನೋಡಿದ ಸಮಯ, ಯಾವ ಸಾಧನದಲ್ಲಿ ನೋಡಿದಿರಿ ಅನ್ನುವುದನ್ನೂ ಬರೆಯಿರಿ. ವಿಳಾಸದ ಡಾಟ್ ಸುತ್ತ [.] ಹೀಗೆ ಬ್ರಾಕೆಟ್ ಹಾಕಿ. ಇಲ್ಲದಿದ್ದರೆ ನಮ್ಮದೇ ಸ್ಪ್ಯಾಮ್ ಫಿಲ್ಟರ್ ನಿಮ್ಮ ದೂರನ್ನು ನುಂಗಿಬಿಡುತ್ತದೆ.